ಎಣ್ಣೆಯ ಎಸ್ಟರ್ ಪಾಚಿಗೆ ವಿಷವೇ? ಮೊದಲು ನೀರಲ್ಲಿ ಎಷ್ಟಿದೆ ನೋಡಿ

ಎರಡು ವರ್ಷದ ಹಿಂದೆ ಧಾರವಾಡದ ಕಡೆಯ ಒಬ್ಬ ಹುಡುಗಿ ಎಂಎಸ್ಸಿ ಪ್ರಾಜೆಕ್ಟ್‌ಗೆ ಪುಣೆಗೆ ಬಂದಿದ್ದಳು. ಭೋಸರಿಯಲ್ಲಿ ನಾನು ಕೆಲಸ ಮಾಡುವ ಸಣ್ಣ ಲ್ಯಾಬಿನಲ್ಲಿ ಎರಡು ತಿಂಗಳು ಇದ್ದಳು. ಬರುವಾಗ ಕುಡಿಯುವ ನೀರಿನ ಬಾಟಲಿಯಲ್ಲಿ ಕಾಲೇಜಿನಲ್ಲಿ ತಾವೇ ಮಾಡಿದ ಹೊಂಗೆ ಬಯೋಡೀಸೆಲ್ ತಂದಿದ್ದಳು. ನಮ್ಮ ಲ್ಯಾಬಿನ ಮರಾಠಿ ಹುಡುಗರು ಮೂಸಿ ನೋಡಿ "ಕರಂಜ್" ಅಂದರು, ಇವಳು "ಹೊಂಗಿ" ಅಂದಳು, ಅರ್ಧ ದಿನ ಅದೇ ಮಾತಾಯಿತು. ಅದು ಪಾಚಿಗೆ ವಿಷವೇ ಅಂತ ನೋಡುವ ಪರೀಕ್ಷೆ ಶುರುವಾದ ಮೂರನೇ ದಿನ ಬೆಳಿಗ್ಗೆ, ಫ್ಲಾಸ್ಕ್‌ಗಳನ್ನು ಅಲುಗಾಡಿಸುವ ಶೇಕರ್ ಮುಂದೆ ನಿಂತು ಕೂಗಿದಳು, "ಅಕ್ಕಾ, ಪಾಚಿ ಎಲ್ಲಾ ಸತ್ತಾವ್ರೀ! ಭಾಳ ವಿಷ ಐತಿ ಇದು."

ನೋಡಿದೆ. ಹೋಲಿಕೆಗೆ ಅಂತ ಎಣ್ಣೆ ಹಾಕದೆ ಇಟ್ಟ ಕಂಟ್ರೋಲ್ ಫ್ಲಾಸ್ಕ್‌ಗಳೆಲ್ಲ ಎಳೆ ಹಸಿರು. ಎಣ್ಣೆ ಹಾಕಿದವು ಅಕ್ಕಿ ತೊಳೆದ ನೀರಿನ ಹಾಗೆ ಮಂಕು. ಅವಳು ಫೋಟೋ ತೆಗೆದು ಆಗಲೇ ಕಾಲೇಜಿನ ಮೇಡಂಗೆ ಕಳಿಸಿಯೂ ಆಗಿತ್ತು.

ನನಗೆ ಆ ಮಂಕು ಯಾಕೋ ಹಿಡಿಸಲಿಲ್ಲ. ಬಾಟಲಿಯ ಎಣ್ಣೆಗೆ ಸ್ವಲ್ಪ ನೀರು ಹಾಕಿ ಕುಲುಕಿದರೆ ನೊರೆ ಎದ್ದಿತು. ಬಯೋಡೀಸೆಲ್ ಅಂದರೆ ಎಸ್ಟರ್, ಬರೀ ಎಸ್ಟರ್ ಹಾಗೆ ನೊರೆ ಕೊಡುವುದಿಲ್ಲ. ಅದೇ ಎಣ್ಣೆಯನ್ನು ಬೆಚ್ಚಗಿನ ನೀರಿನಲ್ಲಿ ನಾಲ್ಕು ಸಲ ತೊಳೆದು, ನೀರಿನ ಪಸೆ ತೆಗೆದು, ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿದೆವು. ಪಾಚಿ ಆರಾಮಾಗಿ ಬೆಳೆಯಿತು. ಕೊಂದಿದ್ದು ಎಸ್ಟರ್ ಅಲ್ಲ, ಅದರೊಳಗೆ ಉಳಿದಿದ್ದ ಸೋಪು. ಮೇಡಂಗೆ ಇನ್ನೊಂದು ಮೆಸೇಜ್ ಹಾಕೋದು ಅವಳಿಗೆ ಎಷ್ಟು ಕಷ್ಟವಾಯಿತು ಅಂತ ನೀವೇ ಊಹಿಸಿ.

ಅವಳಿಗೆ ಆಗ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪಾಚಿ ಬೆಳೆಸೋದು, ಎಣಿಸೋದು ಈ ಕೆಲಸದ ಸುಲಭ ಭಾಗ. ಕಷ್ಟ ಇರೋದು ಒಂದೇ ಪ್ರಶ್ನೆಯಲ್ಲಿ: ಪರೀಕ್ಷೆ ನಡೆಯುವ ಆ 72 ಗಂಟೆ ಪಾಚಿಯ ಸುತ್ತ ನೀರಲ್ಲಿ ನಿಜವಾಗಿ ಏನಿತ್ತು, ಎಷ್ಟಿತ್ತು?

ಮೊದಲು, ಕೈಯಲ್ಲಿರೋದು ಏನು ಅಂತ ತಿಳಿದುಕೊಳ್ಳಿ

ಕೊಬ್ಬಿನ ಆಮ್ಲಕ್ಕೆ ಒಂದು ಆಲ್ಕೋಹಾಲ್ ಅಂಟಿಸಿದರೆ ಎಸ್ಟರ್. ಮೆಥನಾಲ್ ಅಂಟಿಸಿದರೆ ಬಯೋಡೀಸೆಲ್‌ನ ಮಿಥೈಲ್ ಎಸ್ಟರ್. ಐಸೋಪ್ರೊಪೈಲ್ ಮಿರಿಸ್ಟೇಟ್ ಕ್ರೀಮು, ಲೋಷನ್ನುಗಳಲ್ಲಿ ಇರುತ್ತೆ. ಇಲ್ಲಿ ಭೋಸರಿ, ಚಾಕಣ್ ಕಡೆಯ ಮಷಿನ್ ಶಾಪ್‌ಗಳಲ್ಲಿ ಕಟಿಂಗ್ ಆಯಿಲ್, ಹೈಡ್ರಾಲಿಕ್ ಆಯಿಲ್ ಅಂತ ಬರುವ ಕೆಲವು ಎಣ್ಣೆಗಳೂ ಎಸ್ಟರ್‌ಗಳೇ. ಕೀಟನಾಶಕ ಎಲೆಗೆ ಚೆನ್ನಾಗಿ ಹರಡಲಿ ಅಂತ ಬೆರೆಸುವ ಎಣ್ಣೆಯಲ್ಲೂ ಇವೇ. ಸಸ್ಯದಿಂದ ಬಂದದ್ದು, ಬೇಗ ಕೊಳೆಯುತ್ತೆ, ಹಾಗಾಗಿ ಏನೂ ಆಗಲ್ಲ ಅನ್ನೋ ಮಾತು ಬಹಳ ಕೇಳುತ್ತೀರಿ. ಬೇಗ ಕೊಳೆಯೋದು ನಿಜ. ಏನೂ ಆಗಲ್ಲ ಅನ್ನೋದು ಬೇರೆ ಮಾತು.

ಕೊಬ್ಬಿನ ಆಮ್ಲದ ಕಾರ್ಬನ್ ಸರಪಳಿ ಎಷ್ಟು ಉದ್ದ ಅನ್ನೋದರ ಮೇಲೆ ಕಥೆಯೆಲ್ಲ ನಿಂತಿದೆ. 6 ಕಾರ್ಬನ್ನಿನ ಮಿಥೈಲ್ ಹೆಕ್ಸನೋಯೇಟ್ ಅನಾನಸ್ ವಾಸನೆಯದು, ಲೀಟರ್ ನೀರಿಗೆ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ ಕರಗುತ್ತೆ. 8 ಕಾರ್ಬನ್ನಿನ ಮಿಥೈಲ್ ಆಕ್ಟನೋಯೇಟ್ ಸುಮಾರು 60 ಮಿಲಿಗ್ರಾಂ. 10ರದ್ದು ಸುಮಾರು 4 ಮಿಲಿಗ್ರಾಂ. ಎರಡೆರಡು ಕಾರ್ಬನ್ ಏರಿದ ಹಾಗೆ ಕರಗೋದು ಹತ್ತು ಪಟ್ಟು, ಅದಕ್ಕಿಂತಲೂ ಜಾಸ್ತಿ ಇಳಿಯುತ್ತಾ ಹೋಗಿ, ಬಯೋಡೀಸೆಲ್‌ನಲ್ಲಿ ತುಂಬಿರುವ 16, 18 ಕಾರ್ಬನ್ನಿನ ಎಸ್ಟರ್‌ಗಳಿಗೆ ಬರುವ ಹೊತ್ತಿಗೆ ಲೆಕ್ಕ ಮೈಕ್ರೋಗ್ರಾಂಗೆ ಬಂದು ನಿಂತಿರುತ್ತೆ.

ಇದರ ಅರ್ಥ ಸ್ವಲ್ಪ ಮಜವಾಗಿದೆ. ಸರಪಳಿ ಉದ್ದವಾದಷ್ಟೂ ಎಸ್ಟರ್ ಜೀವಕೋಶದ ಪೊರೆಗೆ ಸುಲಭವಾಗಿ ನುಗ್ಗುತ್ತೆ, ಅಂದರೆ ವಿಷ ಜಾಸ್ತಿ ಆಗಬೇಕು. ಆದರೆ ನೀರಲ್ಲಿ ಕರಗೋದೇ ಇಲ್ಲ, ಪಾಚಿಯ ಹತ್ತಿರ ತಲುಪೋದೇ ಇಲ್ಲ. ಈ ಎರಡರ ಜಗ್ಗಾಟದಲ್ಲಿ ಒಂದು ಹಂತದವರೆಗೆ ವಿಷ ಏರುತ್ತೆ, ಆಮೇಲೆ ಥಟ್ಟನೆ ಕಾಣದಾಗುತ್ತೆ. ಹಾಗಾಗಿ 8, 10 ಕಾರ್ಬನ್ನಿನ ಎಸ್ಟರ್ ಬಂದರೆ ನಾನು ಸ್ವಲ್ಪ ನೆಟ್ಟಗೆ ಕೂರುತ್ತೇನೆ. 18ರದ್ದು ಬಂದು ಅದರಲ್ಲಿ ಪಾಚಿ ಸತ್ತರೆ, ಮೊದಲು ನನ್ನ ಪರೀಕ್ಷೆಯ ಮೇಲೇ ಅನುಮಾನ ಪಡುತ್ತೇನೆ.

ಇನ್ನು ಶುದ್ಧತೆ. ಬಯೋಡೀಸೆಲ್ ಆದರೆ ಭಾರತೀಯ ಮಾನಕ ಐಎಸ್ 15607 ಪ್ರಕಾರ ಎಸ್ಟರ್ ಕನಿಷ್ಠ 96.5 ಶೇಕಡಾ ಇರಬೇಕು, ಮೆಥನಾಲ್ 0.20 ಶೇಕಡಾ ದಾಟಬಾರದು, ಬಿಡಿ ಆಮ್ಲ ಎಷ್ಟಿದೆ ಅಂತ ತೋರಿಸುವ ಆಮ್ಲದ ಅಂಕೆ 0.50 ದಾಟಬಾರದು. ಕಾಲೇಜಿನಲ್ಲಿ, ಮನೆಯ ಹಿತ್ತಲಲ್ಲಿ ಮಾಡಿದ್ದಕ್ಕೆ ಈ ಯಾವ ಖಾತ್ರಿಯೂ ಇಲ್ಲ. ಸೋಪು, ಬಿಟ್ಟುಹೋದ ಕ್ಷಾರ, ಮೆಥನಾಲ್, ಬಿಡಿ ಕೊಬ್ಬಿನ ಆಮ್ಲ, ಎಲ್ಲವೂ ಇರಬಹುದು. ಇವುಗಳಲ್ಲಿ ಬಿಡಿ ಆಮ್ಲವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 9 ಕಾರ್ಬನ್ನಿನ ನೊನನೋಯಿಕ್ ಆಮ್ಲವನ್ನು ಕಳೆನಾಶಕವಾಗಿಯೇ ಮಾರುತ್ತಾರೆ. ಕಳೆ ಸುಡುವುದಕ್ಕೆ ಪಾಚಿ ಯಾವ ಲೆಕ್ಕ, ಅಲ್ವಾ?

ಆದ್ದರಿಂದ ಮೊದಲ ದಿನ ಪಾಚಿ ಮುಟ್ಟಬೇಡಿ. ಎಣ್ಣೆಯನ್ನು, ಮಿಶ್ರಣವನ್ನು ಬಿಡಿಸಿ ಅಳೆಯುವ ಯಂತ್ರವಾದ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ ಓಡಿಸಿ, ಯಾವ ಯಾವ ಎಸ್ಟರ್ ಎಷ್ಟೆಷ್ಟಿದೆ ಬರೆದಿಟ್ಟುಕೊಳ್ಳಿ. ಆಮ್ಲದ ಅಂಕೆ ತೆಗೆಯಿರಿ. ನೀರು ಹಾಕಿ ಕುಲುಕಿ, ಕೆಳಗೆ ಇಳಿದ ನೀರಿನ ಪಿಎಚ್ ನೋಡಿ. ಈ ಕುಲುಕುವ ಪರೀಕ್ಷೆಗೆ ಎರಡು ನಿಮಿಷ ಸಾಕು. ನಮಗೆ ಎರಡು ವಾರ ಉಳಿಸುತ್ತಿತ್ತು.

ಯಾವ ಪಾಚಿ, ಯಾವ ನೀರು

ನಿಯಮದ ಪುಸ್ತಕ ಓಇಸಿಡಿ 201, ಅಂದರೆ ಓಇಸಿಡಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ 201ನೇ ಪರೀಕ್ಷಾ ಮಾರ್ಗದರ್ಶಿ. ಸಿಹಿನೀರಿನ ಪಾಚಿಯ ಬೆಳವಣಿಗೆ ಎಷ್ಟು ಕುಗ್ಗುತ್ತೆ ಅಂತ ನೋಡುವ ಪರೀಕ್ಷೆ. 1984ರಲ್ಲಿ ಬಂತು, 2006ರಲ್ಲಿ ಪರಿಷ್ಕರಿಸಿದರು, 2011ರಲ್ಲಿ ಸಣ್ಣ ತಿದ್ದುಪಡಿ ಆಯಿತು. ಹೆಚ್ಚಿನವರು ಬಳಸೋದು ರಾಫಿಡೋಸೆಲಿಸ್ ಸಬ್‌ಕ್ಯಾಪಿಟಾಟ ಅನ್ನುವ ಅರ್ಧಚಂದ್ರದ ಆಕಾರದ ಹಸಿರು ಪಾಚಿ. ಹಳೆಯ ಲೇಖನಗಳಲ್ಲಿ ಇದನ್ನೇ ಸೆಲೆನಾಸ್ಟ್ರಮ್ ಅಂತಲೂ ಸೂಡೋಕರ್ಕ್ನೆರಿಯೆಲ್ಲ ಅಂತಲೂ ಬರೆದಿರುತ್ತಾರೆ, ಮೂರು ಬೇರೆ ಪಾಚಿ ಅಂದುಕೊಂಡು ಗೊಂದಲ ಮಾಡಿಕೊಳ್ಳಬೇಡಿ. ಇದನ್ನು 1959ರಲ್ಲಿ ನಾರ್ವೆಯ ನಿಟೆಲ್ವಾ ನದಿಯಿಂದ ಬೇರ್ಪಡಿಸಿದ್ದು. ಆ ಚಳಿ ನಾಡಿನ ಪಾಚಿಯನ್ನು ಮೇ ತಿಂಗಳ ಪುಣೆಯಲ್ಲಿ ಎಸಿ ಹಾಕಿ ಸಾಕೋದು ನಮ್ಮ ಪಾಡು.

ಒಂದೇ ಜಾತಿಯ ಶುದ್ಧ ಪಾಚಿ, ಅಂದರೆ ಕಲ್ಚರ್, ಬೇಕಾದರೆ ಪುಣೆಯವರು ಮೊದಲು ಪಾಷಾಣ್ ಬಡಾವಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿರುವ ಸೂಕ್ಷ್ಮಜೀವಿಗಳ ಸಂಗ್ರಹದಲ್ಲಿ ವಿಚಾರಿಸಿ. ಪವನಾ, ಮುಠಾ ನದಿಯಿಂದ ಹಸಿರು ನೀರು ತುಂಬಿಕೊಂಡು ಬಂದು ಶುರು ಮಾಡೋಣ ಅನ್ನೋ ಉತ್ಸಾಹ ಹಲವರಿಗೆ ಬರುತ್ತೆ, ನನಗೂ ಬಂದಿತ್ತು. ಅದರಲ್ಲಿ ಹತ್ತು ಜಾತಿ ಪಾಚಿ, ನೂರು ಜಾತಿ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾಗಳಿಗೆ ಎಸ್ಟರ್ ಅಂದರೆ ಹಬ್ಬದೂಟ. ನಿಮ್ಮ ಎಣ್ಣೆ ಎರಡನೇ ದಿನಕ್ಕೇ ಖಾಲಿ. ಗೋವಾದಲ್ಲೋ ಮುಂಬೈ ಖಾಡಿಯ ಹತ್ತಿರವೋ ಇದ್ದು, ನಿಮ್ಮ ಎಣ್ಣೆ ಸೇರೋದು ಉಪ್ಪುನೀರಿಗೆ ಅಂತಾದರೆ ಐಎಸ್ಒ 10253 ಅನ್ನುವ ಅಂತರರಾಷ್ಟ್ರೀಯ ಮಾನಕ ನೋಡಿ. ಅದರಲ್ಲಿ ಸ್ಕೆಲಿಟೋನೀಮ, ಫಿಯೊಡ್ಯಾಕ್ಟೈಲಮ್ ಅನ್ನುವ ಸಮುದ್ರದ ಡಯಾಟಮ್ ಪಾಚಿ ಬಳಸುತ್ತಾರೆ. ಉಳಿದ ತರ್ಕ ಇದೇ.

ನೀರು ಅಂದರೆ ನಲ್ಲಿ ನೀರಲ್ಲ, ಓಇಸಿಡಿ ಮೀಡಿಯಂ, ಅಂದರೆ ಪಾಚಿಗೆ ಬೇಕಾದ ಲವಣ ಬೆರೆಸಿದ ನೀರು. ಲೀಟರಿಗೆ ಸೋಡಿಯಂ ಬೈಕಾರ್ಬೊನೇಟ್ 50 ಮಿಲಿಗ್ರಾಂ, ಅಮೋನಿಯಂ ಕ್ಲೋರೈಡ್ 15, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 1.6, ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ, ಚೂರು ಕಬ್ಬಿಣ, ಕಬ್ಬಿಣವನ್ನು ನೀರಲ್ಲೇ ಹಿಡಿದಿಡುವ ಇಡಿಟಿಎ, ಸೂಕ್ಷ್ಮ ಲೋಹಗಳು. ಪಿಎಚ್ 8.1ರ ಆಸುಪಾಸು. ಪೂರ್ತಿ ಪಟ್ಟಿ ನಿಯಮದಲ್ಲೇ ಇದೆ, ಅದನ್ನು ನೋಡಿಯೇ ಮಾಡಿ.

ಪಾಚಿಯನ್ನು ನೇರ ಫ್ರಿಜ್‌ನಿಂದ ತೆಗೆದು ಪರೀಕ್ಷೆಗೆ ಹಾಕಬೇಡಿ. ಎರಡರಿಂದ ನಾಲ್ಕು ದಿನ ಮೊದಲೇ ಹೊಸ ಮೀಡಿಯಂನಲ್ಲಿ, ಅದೇ ಬೆಳಕು ಅದೇ ಬಿಸಿಯಲ್ಲಿ ಬೆಳೆಸಿ ಚುರುಕು ಮಾಡಿಕೊಳ್ಳಿ. ಹುಳಿಹೋದ ಹಳೇ ಮೊಸರಿನಿಂದ ಹೆಪ್ಪು ಹಾಕಿದರೆ ಮೊಸರು ಹೇಗಾಗುತ್ತೆ ಗೊತ್ತಲ್ಲ, ಇದೂ ಹಾಗೇ.

ಗಾಜು ತೊಳೆಯುವ ವಿಷಯ

ಇದು ಚಿಕ್ಕದು, ಆದರೆ ಹೇಳಲೇಬೇಕು. ನಮ್ಮ ಲ್ಯಾಬಿನಲ್ಲಿ ಗಾಜು ತೊಳೆಯುವ ಮಾವಶಿ ಬಹಳ ಶಿಸ್ತಿನವರು. ಶಿಸ್ತು ಎಷ್ಟೆಂದರೆ ಪೌಡರ್ ಒಂದು ಹಿಡಿ ಜಾಸ್ತಿಯೇ ಹಾಕುತ್ತಿದ್ದರು. ಒಂದು ತಿಂಗಳು ನಮ್ಮ ಕಂಟ್ರೋಲ್ ಫ್ಲಾಸ್ಕ್‌ಗಳೇ ಸರಿಯಾಗಿ ಬೆಳೆಯಲಿಲ್ಲ, ನಾವು ಬೆಳಕು ಬದಲಿಸಿದೆವು, ಮೀಡಿಯಂ ಬದಲಿಸಿದೆವು, ಪಾಚಿಯನ್ನೇ ಬೈದೆವು. ಕೊನೆಗೆ ನೋಡಿದರೆ ಗಾಜಿನ ಒಳಗೋಡೆಗೆ ಡಿಟರ್ಜೆಂಟ್ ಪೊರೆ. ಈಗ ಪಾಚಿಯ ಗಾಜಿಗೆ ಬೇರೆ ಟ್ರೇ, ಡಿಟರ್ಜೆಂಟ್ ಆದ ಮೇಲೆ ಆಮ್ಲದಲ್ಲಿ ಅದ್ದಿ, ಡಿಸ್ಟಿಲ್ಡ್ ನೀರಿನಲ್ಲಿ ಆರು ಸಲ ತೊಳೆಯೋದು. ಮಾವಶಿಯೇ ಎಣಿಸುತ್ತಾರೆ, ಜೋರಾಗಿ, ಮರಾಠಿಯಲ್ಲಿ.

ಪ್ಲಾಸ್ಟಿಕ್ ಪಾತ್ರೆ ಬೇಡವೇ ಬೇಡ. ಎಣ್ಣೆ ಡಬ್ಬಿ ಎಷ್ಟು ತಿಕ್ಕಿದರೂ ಜಿಡ್ಡು ಬಿಡದ ಹಾಗೆ, ಎಸ್ಟರ್ ಪ್ಲಾಸ್ಟಿಕ್ಕಿನೊಳಗೆ ಸೇರಿಬಿಡುತ್ತೆ. ನೀರಲ್ಲಿ ಉಳಿಯೋದು ಕಡಿಮೆಯಾಗುತ್ತೆ.

ಎಸ್ಟರನ್ನು ನೀರಿಗೆ ಸೇರಿಸುವುದು ಹೇಗೆ

ಇಲ್ಲಿ ನಿಧಾನವಾಗಿ ಓದಿ. ತಪ್ಪುಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಆಗೋದು.

ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುತ್ತಲ್ಲ, ನೀವು ಸುಮ್ನೆ 100 ಮಿಲಿಗ್ರಾಂ ಬಯೋಡೀಸೆಲನ್ನು ಒಂದು ಲೀಟರ್ ಮೀಡಿಯಂಗೆ ಸುರಿದರೆ ಆಗೋದು ಅದೇ. ಮೇಲೆ ಪೊರೆ, ಒಳಗೆ ಹನಿ. ಪೊರೆ ಗಾಳಿ ತಡೆಯುತ್ತೆ. ಶೇಕರ್ ಮೇಲೆ ಹನಿಗಳಿಗೆ ಪಾಚಿ ಅಂಟಿಕೊಂಡು ಮೇಲೆ ಹೋಗಿ ಕೂರುತ್ತೆ. ನೀವು ನಡುವಿನ ನೀರು ತೆಗೆದು ಎಣಿಸಿದರೆ ಪಾಚಿ ಕಡಿಮೆ. ವರದಿಯಲ್ಲಿ "ವಿಷ" ಅಂತ ಬರೆಯುತ್ತೀರಿ. ವಿಷ ಎಲ್ಲಿದೆ? ಅದು ಬರೀ ಅಂಟು.

ಒಂದೇ ಬಗೆಯ, ಸ್ವಲ್ಪವಾದರೂ ಕರಗುವ ಎಸ್ಟರ್ ಆದರೆ ಕರಗುವ ಮಿತಿಯೊಳಗೇ ಇರಿ. ಮಿಥೈಲ್ ಆಕ್ಟನೋಯೇಟ್‌ಗೆ ನಾನಾದರೆ ಲೀಟರಿಗೆ 32, 10, 3.2, 1, 0.32 ಮಿಲಿಗ್ರಾಂ ಇಡುತ್ತೇನೆ. ಐದು ಪ್ರಮಾಣ ಕನಿಷ್ಠ, ಒಂದಕ್ಕೂ ಇನ್ನೊಂದಕ್ಕೂ 3.2 ಪಟ್ಟಿಗಿಂತ ಜಾಸ್ತಿ ಅಂತರ ಇರಬಾರದು ಅನ್ನೋದು ನಿಯಮ.

ಬಯೋಡೀಸೆಲ್ ಥರದ ಮಿಶ್ರಣಕ್ಕೆ ಈ ದಾರಿ ಆಗೋಲ್ಲ, ಯಾಕೆಂದರೆ ಅದರಲ್ಲಿ ಒಂದೊಂದು ಎಸ್ಟರ್ ಒಂದೊಂದು ಮಟ್ಟಿಗೆ ಕರಗುತ್ತೆ. ಅದಕ್ಕೆ ಎಣ್ಣೆಯನ್ನು ನೀರಿನ ಜೊತೆ ನಿಧಾನವಾಗಿ ತಿರುಗಿಸಿ, ನೀರು ಎಷ್ಟು ಹೀರಿಕೊಳ್ಳುತ್ತೋ ಅಷ್ಟನ್ನೇ ಬಳಸುವ ಪದ್ಧತಿ ಇದೆ. ಹೀಗೆ ಸಿಗುವ ನೀರಿಗೆ ಲ್ಯಾಬಿನಲ್ಲಿ ಎಲ್ಲರೂ ವಾಫ್ (ವಾಟರ್ ಅಕಾಮೊಡೇಟೆಡ್ ಫ್ರ್ಯಾಕ್ಷನ್) ಅನ್ನುತ್ತಾರೆ. ಕರಗದ ಕಷ್ಟದ ವಸ್ತುಗಳಿಗೆಂದೇ ಓಇಸಿಡಿಯ 23ನೇ ಮಾರ್ಗದರ್ಶಿ ಇದೆ, ಅದರಲ್ಲಿ ಇದು ವಿವರವಾಗಿ ಸಿಗುತ್ತೆ.

ನಾವು ಮಾಡೋದು ಹೀಗೆ. ತಳದಲ್ಲಿ ಗಾಜಿನ ನಲ್ಲಿ ಇರುವ ಬಾಟಲಿಗೆ ಒಂದು ಲೀಟರ್ ಮೀಡಿಯಂ, ಮ್ಯಾಗ್ನೆಟ್ ಒಳಗೆ. ಎಣ್ಣೆಯನ್ನು ಗಾಜಿನ ಸಿರಿಂಜಿಗೆ ಎಳೆದು ತೂಗಿ, ನೀರಿನ ಮೇಲೆ ಬಿಟ್ಟು, ಖಾಲಿ ಸಿರಿಂಜನ್ನು ಮತ್ತೆ ತೂಗಿ. ಎರಡರ ವ್ಯತ್ಯಾಸವೇ ನೀವು ಹಾಕಿದ್ದು. 10 ಮಿಲಿಗ್ರಾಂ ಅಂದರೆ ಬರೀ 11 ಮೈಕ್ರೋಲೀಟರ್ ಚಿಲ್ಲರೆ. ಸೂಜಿಯ ತುದಿಯಲ್ಲಿ ನಿಂತ ಒಂದು ಹನಿಯೇ ಅಷ್ಟಿರುತ್ತೆ, ಹಾಗಾಗಿ ಆ ಹನಿಯನ್ನು ನೀರಿಗೆ ಮುಟ್ಟಿಸಿಯೇ ಸೂಜಿ ಎತ್ತಿ. ಆಮೇಲೆ ಬಾಯಿ ಮುಚ್ಚಿ, ಬೆಳಕು ತಾಗದ ಹಾಗೆ ಇಟ್ಟು, ಮೆಲ್ಲಗೆ ತಿರುಗಿಸಿ. ಮೇಲೆ ಕಾಣುವ ಸುಳಿ ನೀರಿನ ಆಳದ ಹತ್ತನೇ ಒಂದು ಭಾಗ ದಾಟಬಾರದು. ಜೋರು ತಿರುಗಿಸಿದರೆ ಮಜ್ಜಿಗೆ ಕಡೆದ ಹಾಗೆ ಹನಿ ಒಡೆದು ನೀರಿಗೆ ಸೇರುತ್ತೆ, ಮತ್ತೆ ಅದೇ ಅಂಟಿನ ಕಥೆ. 24 ಗಂಟೆ ತಿರುಗಿಸಿ, ಕೆಲವು ಗಂಟೆ ಸುಮ್ಮನೆ ಬಿಟ್ಟು, ಕೆಳಗಿನ ನಲ್ಲಿಯಿಂದ ನೀರು ತೆಗೆಯಿರಿ. ಮೊದಲು ಬರುವ ಸ್ವಲ್ಪವನ್ನು ಚೆಲ್ಲಿ. ಕೊನೆಯ ಕಾಲು ಭಾಗವನ್ನು ಮುಟ್ಟಲೇಬೇಡಿ, ಪೊರೆ ಇಳಿದು ಬಂದಿರುತ್ತೆ.

ಪ್ರತಿ ಪ್ರಮಾಣಕ್ಕೂ ಬೇರೆ ಬಾಟಲಿ. 100 ಮಿಲಿಗ್ರಾಂದನ್ನು ಮಾಡಿ ನೀರು ಬೆರೆಸಿ 10 ಮಾಡೋದು ಈ ಪದ್ಧತಿಯಲ್ಲಿ ತಪ್ಪು, ಏಕೆಂದರೆ ಹಾಕಿದ ಎಣ್ಣೆ ಬದಲಾದಾಗ ಕರಗಿದ ಎಸ್ಟರ್‌ಗಳ ಹದವೇ ಬದಲಾಗುತ್ತೆ. ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣಕ್ಕೆ ಇಸಿ50 ಅನ್ನುತ್ತಾರೆ; ಈ ಪದ್ಧತಿಯಲ್ಲಿ ಬರುವ ಅಂಕಿಯನ್ನು ಇಸಿ50 ಅನ್ನದೆ ಇಎಲ್50 ಅನ್ನುತ್ತಾರೆ, ಅಂದರೆ ಹಾಕಿದ ಎಣ್ಣೆಯ ಲೆಕ್ಕ, ಕರಗಿದ್ದರ ಲೆಕ್ಕವಲ್ಲ. ಜೊತೆಗೆ ಒಂದು ಬಾಟಲಿಯಲ್ಲಿ ಎಣ್ಣೆಯೇ ಇಲ್ಲದೆ ಬರೀ ಮೀಡಿಯಂ ತಿರುಗಿಸಿ, ಅದೇ ನಿಮ್ಮ ಕಂಟ್ರೋಲ್.

ಅಸಿಟೋನ್ ಥರದ ದ್ರಾವಕದಲ್ಲಿ ಕರಗಿಸಿ ಹಾಕಬಹುದಾ ಅಂತ ಕೇಳುತ್ತಾರೆ. ಹಾಕಬಹುದು, ಲೀಟರಿಗೆ 100 ಮಿಲಿಗ್ರಾಂ ಮೀರಬಾರದು, ದ್ರಾವಕದ ಕಂಟ್ರೋಲ್ ಬೇರೆ ಇಡಬೇಕು. ನನಗಂತೂ ಇಷ್ಟವಿಲ್ಲ. ದ್ರಾವಕ ಹಾಕಿದ ತಕ್ಷಣ ನೀರು ತಿಳಿಯಾಗಿ ಕಾಣುತ್ತೆ, ಎಲ್ಲ ಕರಗಿತು ಅಂದುಕೊಳ್ಳುತ್ತೀರಿ, ಹತ್ತು ನಿಮಿಷಕ್ಕೆ ಎಸ್ಟರ್ ಮತ್ತೆ ಸಣ್ಣ ಹನಿಯಾಗಿ ಹೊರಬಂದಿರುತ್ತೆ. ಅದಲ್ಲದೆ ದ್ರಾವಕ ಬ್ಯಾಕ್ಟೀರಿಯಾಕ್ಕೂ ಊಟ.

ಫ್ಲಾಸ್ಕ್ ಜೋಡಿಸುವ ದಿನ

ಮೊದಲು ಒಂದು ಅಂದಾಜು ಪರೀಕ್ಷೆ ಮಾಡಿ, ಮೂರು ಪ್ರಮಾಣ ಸಾಕು. ಯಾವ ಮಟ್ಟದಲ್ಲಿ ಏನಾಗುತ್ತೆ ಗೊತ್ತಾದ ಮೇಲೆ ನಿಜವಾದ ಪರೀಕ್ಷೆ: ಪ್ರತಿ ಪ್ರಮಾಣಕ್ಕೆ ಮೂರು ಫ್ಲಾಸ್ಕ್, ಕಂಟ್ರೋಲ್‌ಗೆ ಆರು. 100 ಮಿಲಿಗ್ರಾಂನಲ್ಲೂ ಅಥವಾ ಕರಗುವ ಮಿತಿಯಲ್ಲೂ ಏನೂ ಆಗದಿದ್ದರೆ ಅದೊಂದೇ ಪ್ರಮಾಣದಲ್ಲಿ ಮಿತಿ ಪರೀಕ್ಷೆ ಮಾಡಿದರೆ ಮುಗಿಯಿತು. ಪಾಚಿ ಹಾಕದ ಫ್ಲಾಸ್ಕ್ ಒಂದನ್ನೂ ಪ್ರತಿ ಪ್ರಮಾಣಕ್ಕೆ ಇಡಿ. ಇದು ಯಾಕೆ ಅಂತ ಮುಂದೆ ಬರುತ್ತೆ.

ಪಾಚಿ ಮಿಲಿಲೀಟರಿಗೆ 5,000ದಿಂದ 10,000 ಕೋಶ ಇರುವಂತೆ ಶುರು ಮಾಡಬೇಕು. ಇದನ್ನು ನೇರವಾಗಿ ಎಣಿಸಿ ನೋಡಲು ಹೋಗಬೇಡಿ. ಕೋಶ ಎಣಿಸುವ ಚೌಕ ಗೆರೆಯ ಗಾಜು, ಅಂದರೆ ಹೀಮೋಸೈಟೋಮೀಟರಿನ ಒಂದು ದೊಡ್ಡ ಚೌಕದಲ್ಲಿ ಹಿಡಿಯೋದು 0.1 ಮೈಕ್ರೋಲೀಟರ್, ಅಂದರೆ ಎಣಿಕೆಯನ್ನು 10,000ದಿಂದ ಗುಣಿಸಬೇಕು. ಮಿಲಿಲೀಟರಿಗೆ 10,000 ಇದ್ದರೆ ಒಂದು ಚೌಕಕ್ಕೆ ಒಂದೇ ಕೋಶ. ಕೆಲವು ಚೌಕ ಖಾಲಿ, ಕೆಲವದರಲ್ಲಿ ಮೂರು. ಅದು ಎಣಿಕೆಯಲ್ಲ, ಲಾಟರಿ. ಗಟ್ಟಿ ಸ್ಟಾಕನ್ನು ಎಣಿಸಿ ಲೆಕ್ಕ ಹಾಕಿ. ಸ್ಟಾಕಿನಲ್ಲಿ ಚೌಕಕ್ಕೆ ಸರಾಸರಿ 80 ಬಂದರೆ ಮಿಲಿಲೀಟರಿಗೆ 8 ಲಕ್ಷ. 100 ಮಿಲಿಲೀಟರ್ ಫ್ಲಾಸ್ಕಿಗೆ ಒಟ್ಟು 10 ಲಕ್ಷ ಕೋಶ ಬೇಕು, ಅಂದರೆ 1.25 ಮಿಲಿಲೀಟರ್ ಸ್ಟಾಕ್ ಹಾಕಿ.

ಬಿಸಿ 21ರಿಂದ 24 ಡಿಗ್ರಿಯೊಳಗೆ ಒಂದು ಕಡೆ ನಿಲ್ಲಿಸಿ, 2 ಡಿಗ್ರಿಗಿಂತ ಆಚೀಚೆ ಆಗಬಾರದು. ಬೆಳಕು 4,440ರಿಂದ 8,880 ಲಕ್ಸ್, ಹಗಲೂ ರಾತ್ರಿಯೂ. ಲಕ್ಸ್ ಮೀಟರನ್ನು ಶೇಕರಿನ ನಡುವೆ ಒಂದೇ ಕಡೆ ಇಟ್ಟು ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ, ನಾಲ್ಕು ಮೂಲೆಯಲ್ಲೂ ನೋಡಿ. ಮೂಲೆಯ ಫ್ಲಾಸ್ಕ್ ಯಾವಾಗಲೂ ಸೊರಗುತ್ತೆ. ದಿನಾ ಫ್ಲಾಸ್ಕ್‌ಗಳ ಜಾಗ ಬದಲಿಸಿ.

ಸಣ್ಣ ಸರಪಳಿಯ ಎಸ್ಟರ್‌ಗಳು ನೀರಿನಿಂದ ಗಾಳಿಗೆ ಹಾರಿಹೋಗುತ್ತವೆ. ಹತ್ತಿಯ ಬಿರಡೆ ಹಾಕಿದ ಫ್ಲಾಸ್ಕಿನ ಹತ್ತಿರ ಅನಾನಸ್ ವಾಸನೆ ಬರುತ್ತಿದ್ದರೆ ನಿಮ್ಮ ವಸ್ತು ರೂಮಿನಲ್ಲಿದೆ, ನೀರಲ್ಲಿಲ್ಲ. ಬಿಗಿ ಮುಚ್ಚಳದ ಬಾಟಲಿ ಪೂರ್ತಿ ತುಂಬಿ ಮಾಡಿ. ಆಗ ಪಾಚಿಗೆ ಇಂಗಾಲದ ಡೈಆಕ್ಸೈಡ್ ಸಾಲುವುದಿಲ್ಲ, ಬೈಕಾರ್ಬೊನೇಟ್ ಸ್ವಲ್ಪ ಹೆಚ್ಚಿಸಿ ಪಿಎಚ್ ಸರಿಮಾಡಿಕೊಳ್ಳಬೇಕು, ಕಂಟ್ರೋಲ್‌ಗೂ ಅದೇ ಮೀಡಿಯಂ.

ಇನ್ನೊಂದು, ಇದು ಇಲ್ಲಿಯವರಿಗೆ ಮಾತ್ರ. ಭೋಸರಿ, ಪಿಂಪ್ರಿ ಕಡೆ ಕಾರ್ಖಾನೆಗಳಿಗೆ ಗುರುವಾರ ರಜೆ. ದುರಸ್ತಿ ಅಂತ ಕರೆಂಟ್ ತೆಗೆಯೋದೂ ಸಾಮಾನ್ಯವಾಗಿ ಅವತ್ತೇ. ಸೋಮವಾರ ಬೆಳಿಗ್ಗೆ ಉತ್ಸಾಹದಿಂದ ಶುರು ಮಾಡಿದರೆ 72 ಗಂಟೆ ಮುಗಿಯೋದು ಸರಿಯಾಗಿ ಗುರುವಾರ ಬೆಳಿಗ್ಗೆ. ನಾವು ಶುಕ್ರವಾರ ಶುರು ಮಾಡಿ ಸೋಮವಾರ ಮುಗಿಸುತ್ತೇವೆ. ಭಾನುವಾರ ಎಣಿಸಲು ಯಾರು ಬರಬೇಕು ಅನ್ನೋದು ಬೇರೆ ಜಗಳ.

ಎಣಿಕೆ, ಮತ್ತು ನೀರಿನ ಲೆಕ್ಕ

24, 48, 72 ಗಂಟೆಗೆ ಪ್ರತಿ ಫ್ಲಾಸ್ಕಿನಿಂದ ಎಣಿಸಿ. ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಮಂಕು ಅಳೆಯೋದು ಸುಲಭ, ಆದರೆ ಎಸ್ಟರಿನ ಹನಿಗಳೂ ಬೆಳಕು ಚೆದುರಿಸುತ್ತವೆ. ಅಕ್ಕಿ ತೊಳೆದ ನೀರಿನಂಥ ಆ ಫ್ಲಾಸ್ಕನ್ನು ಮಷಿನ್‌ಗೆ ಕೊಟ್ಟಿದ್ದರೆ "ಪಾಚಿ ಚೆನ್ನಾಗಿದೆ" ಅಂತ ಹೇಳುತ್ತಿತ್ತು. ಕ್ಲೋರೋಫಿಲ್ಲಿನ ಹೊಳಪು ಅಳೆಯುವ ಫ್ಲೂರೋಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೈಕ್ರೋಸ್ಕೋಪ್, ಹೀಮೋಸೈಟೋಮೀಟರ್, ತಾಳ್ಮೆ. ಮೈಕ್ರೋಸ್ಕೋಪಿನಲ್ಲಿ ಒಂದು ಲಾಭ ಇದೆ. ಕೋಶ ಊದಿಕೊಂಡಿದೆಯಾ, ಬಣ್ಣ ಬಿಟ್ಟಿದೆಯಾ, ಎಣ್ಣೆ ಹನಿಯ ಸುತ್ತ ಬಾಳೆಗೊನೆಯ ಹಾಗೆ ಅಂಟಿಕೊಂಡಿವೆಯಾ, ಎಲ್ಲ ಕಣ್ಣಿಗೆ ಕಾಣುತ್ತೆ. ಕಂಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಶುರುವಿನಲ್ಲೂ ಕೊನೆಯಲ್ಲೂ ನೀರಲ್ಲಿ ಎಸ್ಟರ್ ಎಷ್ಟಿದೆ ಅಳೆಯಲೇಬೇಕು. ಪಾಚಿ ಇರುವ ನೀರನ್ನು ಫಿಲ್ಟರ್ ಮಾಡಬೇಡಿ, ಎಸ್ಟರ್ ಫಿಲ್ಟರ್‌ಗೇ ಅಂಟುತ್ತೆ. ಗಾಜಿನ ಟ್ಯೂಬಿನಲ್ಲಿ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ನೀರನ್ನು ಹೆಕ್ಸೇನಿನಲ್ಲಿ ಕುಲುಕಿ, ಹೆಕ್ಸೇನನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫಿಗೆ ಕೊಡಿ. ಲೆಕ್ಕ ಸರಿಯಿರಲು 17 ಕಾರ್ಬನ್ನಿನ ಮಿಥೈಲ್ ಎಸ್ಟರನ್ನು ಗೊತ್ತಿರುವಷ್ಟು ಬೆರೆಸಿ, ಎಣ್ಣೆಗಳಲ್ಲಿ ಅದು ಇರೋದು ತೀರಾ ಅಪರೂಪ. ಒಂದು ಬಲೆ ಇದೆ, ಬೀಳಬೇಡಿ. ಎಣ್ಣೆ ಪರೀಕ್ಷೆಯ ಅಭ್ಯಾಸದಲ್ಲಿ ಮಾದರಿಯನ್ನು ಆಮ್ಲ, ಮೆಥನಾಲ್ ಜೊತೆ ಕಾಯಿಸಿಬಿಡುತ್ತೇವಲ್ಲ, ಇಲ್ಲಿ ಹಾಗೆ ಮಾಡಿದರೆ ಪಾಚಿಯ ಮೈಯಲ್ಲಿರುವ ಕೊಬ್ಬೇ ಮಿಥೈಲ್ ಎಸ್ಟರ್ ಆಗಿಬಿಡುತ್ತೆ. ಕಂಟ್ರೋಲ್‌ನಲ್ಲೂ ಬಯೋಡೀಸೆಲ್ ಸಿಕ್ಕಿತು ಅಂತ ಬೆಚ್ಚಿಬೀಳುತ್ತೀರಿ.

ಈಗ ಲೆಕ್ಕ ನೋಡಿ. ನೀವು ಹಾಕಿದ್ದು ಲೀಟರಿಗೆ 10 ಮಿಲಿಗ್ರಾಂ. ಶುರುವಿನಲ್ಲಿ ಅಳೆದಾಗ 8, ಕೊನೆಗೆ 0.5. ಇವೆರಡನ್ನು ಗುಣಿಸಿದರೆ 4, ಅದರ ವರ್ಗಮೂಲ 2. ಪಾಚಿ ಸರಾಸರಿ ಕಂಡಿದ್ದು 2 ಮಿಲಿಗ್ರಾಂ ಮಾತ್ರ. 10 ಅಂತ ವರದಿ ಬರೆದರೆ ನಿಮ್ಮ ಎಸ್ಟರನ್ನು ಐದು ಪಟ್ಟು ಸಾಧು ಮಾಡಿಬಿಟ್ಟಿರಿ. ಅಳೆದದ್ದು ಹಾಕಿದ್ದಕ್ಕಿಂತ 20 ಶೇಕಡಾ ಒಳಗೇ ಆಚೀಚೆ ಇದ್ದರೆ ಮಾತ್ರ ಹಾಕಿದ ಅಂಕಿಯನ್ನೇ ಬಳಸಬಹುದು.

ಆ ಉಳಿದಿದ್ದು ಎಲ್ಲಿ ಹೋಯಿತು? ಪಾಚಿ ಇಲ್ಲದ ಫ್ಲಾಸ್ಕ್ ಇಟ್ಟಿದ್ದು ಇದಕ್ಕೇ. ಅದರಲ್ಲೂ ಕಡಿಮೆಯಾಗಿದ್ದರೆ ಗಾಳಿಗೆ ಹಾರಿದೆ, ಇಲ್ಲವೇ ಗಾಜಿಗೆ ಅಂಟಿದೆ. ಅದರಲ್ಲಿ ಹಾಗೇ ಉಳಿದು ಪಾಚಿ ಇರುವುದರಲ್ಲಿ ಮಾತ್ರ ಕಡಿಮೆಯಾಗಿದ್ದರೆ ಪಾಚಿ ಹೀರಿದೆ, ಅಥವಾ ಪಾಚಿಯ ಜೊತೆ ಬಂದ ಬ್ಯಾಕ್ಟೀರಿಯಾ ಎಸ್ಟರನ್ನು ಮುರಿದು ತಿಂದಿವೆ. ಮುರಿದಾಗ ಬರೋದು ಬಿಡಿ ಆಮ್ಲ, ಅದರ ಗುಣ ಆಗಲೇ ಹೇಳಿದೆ.

ವಿಷದ ಅಂಕಿ ತೆಗೆಯುವುದು

ಪ್ರತಿ ಫ್ಲಾಸ್ಕಿಗೆ ಬೆಳವಣಿಗೆಯ ವೇಗ ಬೇಕು. ಕೊನೆಯ ಎಣಿಕೆಯನ್ನು ಮೊದಲಿನದರಿಂದ ಭಾಗಿಸಿ, ಅದರ ನ್ಯಾಚುರಲ್ ಲಾಗ್ ತೆಗೆದು, ದಿನಗಳಿಂದ ಭಾಗಿಸಿ. ಕಂಟ್ರೋಲ್ 10,000ದಿಂದ 10 ಲಕ್ಷಕ್ಕೆ ಹೋಯಿತು ಅನ್ನಿ: 100 ಪಟ್ಟು, ಲಾಗ್ 4.605, ಮೂರರಿಂದ ಭಾಗಿಸಿದರೆ ದಿನಕ್ಕೆ 1.535. ಎಸ್ಟರ್ ಹಾಕಿದ್ದು 10,000ದಿಂದ 1 ಲಕ್ಷಕ್ಕೆ ಹೋಯಿತು: 10 ಪಟ್ಟು, ಲಾಗ್ 2.303, ದಿನಕ್ಕೆ 0.768. ವೇಗ ಸರಿಯಾಗಿ ಅರ್ಧ. ಅಂದರೆ 50 ಶೇಕಡಾ ಕುಗ್ಗಿದೆ.

ಅದೇ ಫ್ಲಾಸ್ಕನ್ನು ಒಟ್ಟು ಬೆಳೆಯ ಲೆಕ್ಕದಲ್ಲಿ ನೋಡಿ. ಕಂಟ್ರೋಲ್ ಬೆಳೆದದ್ದು 9,90,000. ಇದು 90,000. ಅಂದರೆ 91 ಶೇಕಡಾ ಕುಗ್ಗಿದೆ! ಒಂದೇ ಫ್ಲಾಸ್ಕ್, ಒಂದೇ ಎಣಿಕೆ, ಒಂದು ಕಡೆ 50, ಇನ್ನೊಂದು ಕಡೆ 91. ವೇಗದ ಲೆಕ್ಕದ್ದು ಇಆರ್‌ಸಿ50, ಬೆಳೆಯ ಲೆಕ್ಕದ್ದು ಇವೈಸಿ50. ಬೇರೆಯವರ ಲೇಖನದ ಜೊತೆ ನಿಮ್ಮ ಅಂಕಿ ಹೋಲಿಸುವಾಗ ಅವರದು ಯಾವುದು ಅಂತ ಮೊದಲು ನೋಡಿ. ನೀರಿನ ಜೀವಿಗಳಿಗೆ ಎಷ್ಟು ಅಪಾಯ ಅನ್ನೋ ವರ್ಗೀಕರಣಕ್ಕೆ ಬೇಕಾದದ್ದು ವೇಗದ್ದು: ಲೀಟರಿಗೆ 1 ಮಿಲಿಗ್ರಾಂ ಅಥವಾ ಕಡಿಮೆಯಿದ್ದರೆ ಒಂದನೇ ವರ್ಗ, 10ರವರೆಗೆ ಎರಡನೇ, 100ರವರೆಗೆ ಮೂರನೇ.

ಇದೆಲ್ಲ ಲೆಕ್ಕಕ್ಕೆ ಬರಬೇಕಾದರೆ ಕಂಟ್ರೋಲ್ ಪಾಸಾಗಬೇಕು. 72 ಗಂಟೆಯಲ್ಲಿ ಕನಿಷ್ಠ 16 ಪಟ್ಟು ಬೆಳೆದಿರಬೇಕು. ಆರು ಕಂಟ್ರೋಲ್ ಫ್ಲಾಸ್ಕ್‌ಗಳ ವೇಗದ ವ್ಯತ್ಯಾಸ 7 ಶೇಕಡಾ ದಾಟಬಾರದು. ದಿನದಿಂದ ದಿನಕ್ಕೆ ವೇಗದ ವ್ಯತ್ಯಾಸ ಸರಾಸರಿ 35 ಶೇಕಡಾ ದಾಟಬಾರದು. ಪಿಎಚ್ 1.5ಕ್ಕಿಂತ ಜಾಸ್ತಿ ಏರಬಾರದು. ಒಂದು ತಪ್ಪಿದರೂ ಮತ್ತೆ ಮಾಡಿ, ಬೇಜಾರು ಮಾಡಿಕೊಳ್ಳಬೇಡಿ. ಆಗಾಗ 3,5-ಡೈಕ್ಲೋರೋಫಿನಾಲ್ ಅಥವಾ ಪೊಟ್ಯಾಸಿಯಂ ಡೈಕ್ರೋಮೇಟ್ ಹಾಕಿ ನಿಮ್ಮ ಪಾಚಿ ಎಂದಿನಂತೆಯೇ ಇದೆಯಾ ಅಂತಲೂ ನೋಡಿಕೊಳ್ಳಿ.

ಸತ್ತಿತಾ, ಸುಮ್ಮನೆ ನಿಂತಿತಾ

ಬೆಳವಣಿಗೆ ನಿಂತ ಫ್ಲಾಸ್ಕನ್ನು ಕೂಡಲೇ ತೊಳೆಯಲು ಕೊಡಬೇಡಿ. ಅದರಿಂದ 1 ಮಿಲಿಲೀಟರ್ ತೆಗೆದು 100 ಮಿಲಿಲೀಟರ್ ಹೊಸ ಮೀಡಿಯಂಗೆ ಹಾಕಿ, ಅದೇ ಬೆಳಕಿನಲ್ಲಿ ಕೆಲವು ದಿನ ಇಡಿ. ಎಸ್ಟರ್ 100 ಪಟ್ಟು ತೆಳುವಾದ ಮೇಲೆ ಹಸಿರು ತಿರುಗಿ ಬಂದರೆ ಪಾಚಿ ಬರೀ ತಡೆದು ನಿಂತಿತ್ತು. ಬರದಿದ್ದರೆ ಸತ್ತಿದೆ. ನದಿಯಲ್ಲಿ ಚೆಲ್ಲಿದ ಎಣ್ಣೆ ಹರಿದುಹೋದ ಮೇಲೆ ಏನಾಗಬಹುದು ಅನ್ನೋದಕ್ಕೆ ಈ ಒಂದು ಸುಲಭದ ಪ್ರಯೋಗ ನನಗೆ ಇಆರ್‌ಸಿ50ಗಿಂತ ಜಾಸ್ತಿ ಹೇಳುತ್ತೆ.

ವರದಿಯಲ್ಲಿ ಎಣ್ಣೆ ಎಲ್ಲಿಂದ ಬಂತು, ತೊಳೆದದ್ದೋ ತೊಳೆಯದ್ದೋ, ಹೇಗೆ ಬೆರೆಸಿದಿರಿ, ಎಷ್ಟು ಗಂಟೆ ತಿರುಗಿಸಿದಿರಿ, ನೀರಲ್ಲಿ ಹನಿ ಕಂಡಿತಾ, ಶುರು ಮತ್ತು ಕೊನೆಯ ಅಳತೆ, ಇಷ್ಟನ್ನು ಬಿಡದೆ ಬರೆಯಿರಿ. ಹೆಕ್ಸೇನ್ ಸಿಂಕಿಗೆ ಸುರಿಯಬೇಡಿ, ದ್ರಾವಕದ ಕ್ಯಾನಿಗೆ ಹಾಕಿ. ಪಾಚಿಯ ನೀರನ್ನು ಆಟೋಕ್ಲೇವ್ ಮಾಡಿಯೇ ಚೆಲ್ಲಿ.

ಆ ಹುಡುಗಿ ಊರಿಗೆ ಹೋಗುವ ಮೊದಲು ಸೋಪಿನಲ್ಲಿ ಮುಳುಗಿದ್ದ ತನ್ನ ಮೊದಲ ಫ್ಲಾಸ್ಕಿನಿಂದಲೂ ಹೀಗೇ 1 ಮಿಲಿಲೀಟರ್ ತೆಗೆದಿಟ್ಟಿದ್ದಳು. ಒಂಬತ್ತನೇ ದಿನಕ್ಕೆ ತಳದಲ್ಲಿ ಸಣ್ಣಗೆ ಹಸಿರು ಕಂಡಿತು. ಫೋಟೋ ಕಳಿಸಿದೆ. "ಅಕ್ಕಾ, ಈಗ ಮೇಡಂಗ ಏನ್ ಹೇಳ್ಲಿ?" ಅಂತ ಉತ್ತರ ಬಂತು.